ವಿಮಾನ ನಿಲ್ದಾಣದ ಬಳಿ ಎಷ್ಟು ಎತ್ತರ ಕಟ್ಟಬಹುದು? ಪರಿಶೀಲನೆಯ ಸಮಗ್ರ ಮಾರ್ಗದರ್ಶಿ

ರನ್‌ವೇ ಸುತ್ತಲಿನ ಆಕಾಶದಲ್ಲಿ ಕಣ್ಣಿಗೆ ಕಾಣದ ಹಲವು ಮೇಲ್ಮೈಗಳಿವೆ. ಕೆಲವು ಓರೆಯಾಗಿ ಏರುತ್ತವೆ, ಕೆಲವು ಸಮತಟ್ಟಾಗಿ ಹರಡಿಕೊಂಡಿವೆ. ವಿಮಾನ ಇಳಿಯಲು, ಏರಲು, ಇಳಿಯಲಾಗದೆ ಮತ್ತೆ ಮೇಲೇರಲು ಬೇಕಾದ ಜಾಗವನ್ನು ಇವು ಕಾಯುತ್ತವೆ. ಕಟ್ಟಡ, ಮೊಬೈಲ್ ಟವರ್, ಚಿಮಣಿ, ಗಾಳಿಯಂತ್ರ, ಕ್ರೇನ್, ವಿದ್ಯುತ್ ತಂತಿ, ಬೆಳೆಯುತ್ತಿರುವ ಮರ ಯಾವುದೇ ಆದರೂ ಈ ಮೇಲ್ಮೈಗಳನ್ನು ದಾಟಿದರೆ ಅದನ್ನು ಅತಿಕ್ರಮಣ ಎಂದೇ ಎಣಿಸುತ್ತಾರೆ.

ಪರಿಶೀಲನೆಯ ಗಣಿತ ಹೈಸ್ಕೂಲು ಮಟ್ಟದ್ದು. ತಪ್ಪುಗಳು ಬಹುಪಾಲು ಲೆಕ್ಕದಲ್ಲಿ ಆಗುವುದಿಲ್ಲ, ಲೆಕ್ಕಕ್ಕೆ ಕೊಡುವ ಅಂಕಿಗಳಲ್ಲಿ ಆಗುತ್ತವೆ. ನೆಲದ ಎತ್ತರವನ್ನು ತಪ್ಪು ಆಧಾರದಿಂದ ಅಳೆದಿರುತ್ತಾರೆ, ಕಟ್ಟಡದ ತುದಿ ಎಂದು ತಾರಸಿಯನ್ನು ಹಿಡಿದಿರುತ್ತಾರೆ, ಐದು ಮೇಲ್ಮೈಗಳ ಪೈಕಿ ಒಂದನ್ನಷ್ಟೇ ನೋಡಿರುತ್ತಾರೆ. ಆದ್ದರಿಂದ ಇಲ್ಲಿ ಸೂತ್ರಗಳಿಗಿಂತ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಮೇಲ್ಮೈಗಳ ಗುರುತು

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ತನ್ನ 14ನೇ ಅನುಬಂಧದ ಮೊದಲ ಸಂಪುಟದ 4ನೇ ಅಧ್ಯಾಯದಲ್ಲಿ ಅಡಚಣೆ ಮಿತಿ ಮೇಲ್ಮೈಗಳನ್ನು ನಿಗದಿ ಮಾಡಿದೆ. ಬಹುತೇಕ ದೇಶಗಳ ನಿಯಮಗಳು ಇದನ್ನೇ ಆಧರಿಸಿವೆ. ಆದರೆ ಕಾನೂನಿನ ಬಲ ಇರುವುದು ಆಯಾ ದೇಶದ ನಿಯಮಕ್ಕೆ. ಅಂಕಿಯಲ್ಲಿ ವ್ಯತ್ಯಾಸ ಕಂಡರೆ ದೇಶದ ನಿಯಮವನ್ನೇ ಹಿಡಿಯಿರಿ. ಉದಾಹರಣೆಗೆ ಅಮೆರಿಕದ ವಿಮಾನಯಾನ ನಿಯಮಾವಳಿಯ 77ನೇ ಭಾಗದಲ್ಲಿ ಅಳತೆಗಳು ಅಡಿಯಲ್ಲಿವೆ, ಮೇಲ್ಮೈಗಳ ವಿಸ್ತಾರವೂ ಬೇರೆ. ಅಲ್ಲಿ ನೆಲದಿಂದ 200 ಅಡಿ ಮೀರುವ ಯಾವುದೇ ರಚನೆಗೆ, ಹಾಗೂ 3,200 ಅಡಿಗಿಂತ ಉದ್ದದ ರನ್‌ವೇಯಿಂದ 20,000 ಅಡಿಯೊಳಗೆ 100ಕ್ಕೆ 1ರ ಇಳಿಜಾರನ್ನು ದಾಟುವ ರಚನೆಗೆ, ಕೆಲಸ ಶುರುವಾಗುವ ಕನಿಷ್ಠ 45 ದಿನ ಮೊದಲು 7460-1 ನಮೂನೆಯಲ್ಲಿ ಮಾಹಿತಿ ಕೊಡಬೇಕು. ಇಂಥ ಗಡುವುಗಳು ಪ್ರತಿ ದೇಶದಲ್ಲೂ ಇರುತ್ತವೆ. ಅವನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಐಸಿಎಒ ಲೆಕ್ಕದಲ್ಲಿ ರನ್‌ವೇಗೆ 1ರಿಂದ 4ರವರೆಗೆ ಕೋಡ್ ಸಂಖ್ಯೆ ಇರುತ್ತದೆ. ಅದನ್ನು ಬಳಸುವ ವಿಮಾನಕ್ಕೆ ಬೇಕಾದ ಮೂಲ ಓಟದ ಉದ್ದ 800 ಮೀಟರ್‌ಗಿಂತ ಕಡಿಮೆಯಾದರೆ 1, 1,200ಕ್ಕಿಂತ ಕಡಿಮೆಯಾದರೆ 2, 1,800ಕ್ಕಿಂತ ಕಡಿಮೆಯಾದರೆ 3, ಅದಕ್ಕೆ ಮೇಲ್ಪಟ್ಟು 4. ಜೊತೆಗೆ ಆ ರನ್‌ವೇ ಬರಿಗಣ್ಣಿನ ಹಾರಾಟದ್ದೋ, ಉಪಕರಣ ಆಧಾರಿತವೋ, ಉಪಕರಣವಿದ್ದರೆ ನಿಖರ ವರ್ಗದ್ದೋ ಎಂಬುದನ್ನೂ ನೋಡಬೇಕು. ಇವೆರಡೂ ಗೊತ್ತಾದರೆ ಎಲ್ಲ ಅಳತೆಗಳೂ ಕೋಷ್ಟಕದಿಂದ ಸಿಗುತ್ತವೆ. ದೊಡ್ಡ ನಿಲ್ದಾಣಗಳಲ್ಲಿ ಸಾಮಾನ್ಯವಾದ ಕೋಡ್ 4, ನಿಖರ ಅಪ್ರೋಚ್ (ಇಳಿಯಲು ರನ್‌ವೇ ಸಮೀಪಿಸುವುದು) ವರ್ಗ 1ರ ರನ್‌ವೇಗೆ ಅಳತೆಗಳು ಹೀಗಿವೆ:

ಅಪ್ರೋಚ್ ಮೇಲ್ಮೈ: ಥ್ರೆಶೋಲ್ಡ್‌ನಿಂದ (ಇಳಿಯಲು ಬಳಸಬಹುದಾದ ರನ್‌ವೇ ಭಾಗದ ಆರಂಭ) 60 ಮೀ. ಹೊರಗೆ ಶುರು. ಒಳ ಅಂಚಿನ ಅಗಲ 280 ಮೀ. (ಹಳೆಯ ಆವೃತ್ತಿಗಳಲ್ಲಿ, ಕೆಲವು ದೇಶಗಳ ನಿಯಮಗಳಲ್ಲಿ 300 ಮೀ.) ಎರಡೂ ಬದಿಗೆ 15% ಅಗಲವಾಗುತ್ತ ಹೋಗುತ್ತದೆ. ಮೊದಲ 3,000 ಮೀ. 2% ಏರಿಕೆ, ಮುಂದಿನ 3,600 ಮೀ. 2.5% ಏರಿಕೆ, ಕೊನೆಯ 8,400 ಮೀ. ಸಮತಟ್ಟು. ಒಟ್ಟು 15 ಕಿ.ಮೀ.

ಟೇಕಾಫ್ ಕ್ಲೈಂಬ್ ಮೇಲ್ಮೈ: ರನ್‌ವೇ ತುದಿಯಿಂದ 60 ಮೀ. ಆಚೆ, ಅಥವಾ ಕ್ಲಿಯರ್‌ವೇ (ರನ್‌ವೇ ತುದಿಯಾಚೆ ತಡೆಯಿಲ್ಲದೆ ಕಾದಿಟ್ಟ ಜಾಗ) ಅದಕ್ಕಿಂತ ಉದ್ದವಿದ್ದರೆ ಅದರ ಕೊನೆಯಲ್ಲಿ ಶುರು. ಒಳ ಅಂಚು 180 ಮೀ., ಪ್ರತಿ ಬದಿಗೆ 12.5% ಹರಡಿ 1,200 ಮೀ. ಅಗಲಕ್ಕೆ ನಿಲ್ಲುತ್ತದೆ. ರಾತ್ರಿ ಅಥವಾ ಉಪಕರಣ ಹಾರಾಟದಲ್ಲಿ 15 ಡಿಗ್ರಿಗಿಂತ ಹೆಚ್ಚು ತಿರುಗುವ ಮಾರ್ಗವಾದರೆ 1,800 ಮೀ. ಏರಿಕೆ 2%, ಉದ್ದ 15 ಕಿ.ಮೀ.

ಟ್ರಾನ್ಸಿಷನಲ್ ಮೇಲ್ಮೈ: ರನ್‌ವೇ ಸ್ಟ್ರಿಪ್‌ನ (ರನ್‌ವೇಯನ್ನೂ ಅದರ ಸುತ್ತ ಕಾದಿಟ್ಟ ನೆಲವನ್ನೂ ಒಳಗೊಂಡ ಪಟ್ಟಿ) ಅಂಚಿನಿಂದಲೂ ಅಪ್ರೋಚ್ ಮೇಲ್ಮೈಯ ಪಕ್ಕದಿಂದಲೂ ಹೊರಕ್ಕೆ 14.3% ಏರಿ ಇನ್ನರ್ ಹಾರಿಜಾಂಟಲ್ ಅನ್ನು ಮುಟ್ಟುತ್ತದೆ.

ಇನ್ನರ್ ಹಾರಿಜಾಂಟಲ್: ನಿಗದಿತ ಆಧಾರ ಮಟ್ಟದಿಂದ 45 ಮೀ. ಮೇಲೆ, 4,000 ಮೀ. ತ್ರಿಜ್ಯ.

ಕೋನಿಕಲ್: ಇನ್ನರ್ ಹಾರಿಜಾಂಟಲ್‌ನ ಅಂಚಿನಿಂದ 5% ಏರುತ್ತ 100 ಮೀ. ಎತ್ತರ ಗಳಿಸುತ್ತದೆ. ಅಂದರೆ ಇನ್ನೂ 2,000 ಮೀ. ದೂರ.

ನಿಖರ ರನ್‌ವೇಗಳಿಗೆ ಇವಲ್ಲದೆ ಇನ್ನರ್ ಅಪ್ರೋಚ್, ಇನ್ನರ್ ಟ್ರಾನ್ಸಿಷನಲ್ ಮತ್ತು ಬಾಕ್ಡ್ ಲ್ಯಾಂಡಿಂಗ್ (ಇಳಿಯುವುದನ್ನು ಕೊನೆ ಗಳಿಗೆಯಲ್ಲಿ ಕೈಬಿಟ್ಟು ಮೇಲೇರುವುದು) ಮೇಲ್ಮೈಗಳೂ ಇವೆ. ಇವು ನಿಲ್ದಾಣದ ಆವರಣದೊಳಗಿನ ವಿಷಯ. ಅಲ್ಲಿ ಕೆಲಸಕ್ಕೆ ಅನಿವಾರ್ಯವಾದ, ಬಡಿದರೆ ಸುಲಭವಾಗಿ ಮುರಿದು ಬೀಳುವ ಉಪಕರಣಗಳ ಹೊರತು ಯಾವ ಸ್ಥಿರ ವಸ್ತುವಿಗೂ ಜಾಗವಿಲ್ಲ. ಹೊರಗೆ ಕಟ್ಟುವವರಿಗೆ ಇವುಗಳ ಸಂಬಂಧ ಬರುವುದು ಅಪರೂಪ.

ಹಂತ 1: ನಿಲ್ದಾಣದ ದಾಖಲೆಗಳನ್ನು ಸಂಗ್ರಹಿಸಿ

ಮುಖ್ಯ ಆಕರ ಆ ದೇಶದ ಏರೋನಾಟಿಕಲ್ ಮಾಹಿತಿ ಪ್ರಕಟಣೆ. ಎಐಪಿ ಎಂದೇ ಎಲ್ಲರೂ ಕರೆಯುತ್ತಾರೆ. ಅದರಲ್ಲಿ ಪ್ರತಿ ನಿಲ್ದಾಣದ ವಿವರಗಳು ಒಂದೇ ಕ್ರಮದ ಸಂಖ್ಯೆಗಳಲ್ಲಿರುತ್ತವೆ. 2.2ರಲ್ಲಿ ನಿಲ್ದಾಣದ ಎತ್ತರ ಮತ್ತು ರೆಫರೆನ್ಸ್ ಪಾಯಿಂಟ್ (ನಿಲ್ದಾಣದ ಸ್ಥಾನ ಸೂಚಿಸುವ ಬಿಂದು), 2.10ರಲ್ಲಿ ಈಗಾಗಲೇ ಇರುವ ಅಡಚಣೆಗಳು, 2.12ರಲ್ಲಿ ರನ್‌ವೇಯ ಭೌತಿಕ ವಿವರ, 2.13ರಲ್ಲಿ ಘೋಷಿತ ದೂರಗಳು. 2.12ರಿಂದ ಎರಡೂ ಥ್ರೆಶೋಲ್ಡ್‌ಗಳ ಅಕ್ಷಾಂಶ, ರೇಖಾಂಶ, ಎತ್ತರ, ಸ್ಟ್ರಿಪ್‌ನ ಅಳತೆ, ಕ್ಲಿಯರ್‌ವೇ ಇದೆಯೇ ಎಂಬುದನ್ನು ಬರೆದುಕೊಳ್ಳಿ.

ಥ್ರೆಶೋಲ್ಡ್ ಮತ್ತು ರನ್‌ವೇಯ ತುದಿ ಯಾವಾಗಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಥ್ರೆಶೋಲ್ಡ್ ಅನ್ನು ಒಳಕ್ಕೆ ಸರಿಸಿದ ರನ್‌ವೇಯಲ್ಲಿ ಅಪ್ರೋಚ್ ಮೇಲ್ಮೈ ಒಳಗಿನ ಥ್ರೆಶೋಲ್ಡ್‌ನಿಂದ ಶುರುವಾದರೆ, ವಿರುದ್ಧ ದಿಕ್ಕಿನ ಟೇಕಾಫ್ ಮೇಲ್ಮೈ ಹೊರಗಿನ ತುದಿಯಿಂದ ಶುರುವಾಗುತ್ತದೆ. ಎರಡನ್ನೂ ಒಂದೇ ಬಿಂದುವಿನಿಂದ ಅಳೆದವರ ಟೇಕಾಫ್ ಲೆಕ್ಕ, ಥ್ರೆಶೋಲ್ಡ್ ಪ್ರತಿ 100 ಮೀ. ಸರಿದಿದ್ದಕ್ಕೆ 2 ಮೀ. ತಪ್ಪುತ್ತದೆ, ಅದೂ ಅಪಾಯದ ಕಡೆಗೆ.

ನಿಲ್ದಾಣದ ಮಾಸ್ಟರ್ ಪ್ಲಾನ್ ಕೂಡ ಬೇಕು. ರನ್‌ವೇ ವಿಸ್ತರಣೆ ಅಥವಾ ಎರಡನೇ ರನ್‌ವೇ ಯೋಜನೆಯಲ್ಲಿದ್ದರೆ ವಿಮಾನಯಾನ ಪ್ರಾಧಿಕಾರ ಆ ಭವಿಷ್ಯದ ಮೇಲ್ಮೈಯನ್ನೂ ಕಾಯುತ್ತದೆ. ಇಂದಿನ ರನ್‌ವೇಗೆ ಸರಿಹೋದ ಕಟ್ಟಡ ನಾಳಿನದಕ್ಕೆ ಅಡ್ಡವಾದರೆ ಅನುಮತಿ ಸಿಗುವುದು ಕಷ್ಟ. ಹತ್ತಿರದಲ್ಲಿ ಮತ್ತೊಂದು ನಾಗರಿಕ ನಿಲ್ದಾಣ, ವಾಯುಪಡೆಯ ನೆಲೆ ಅಥವಾ ಹೆಲಿಪೋರ್ಟ್ ಇದೆಯೇ ಎಂದೂ ನೋಡಿ. ಒಂದೇ ಜಾಗದ ಮೇಲೆ ಎರಡು ನಿಲ್ದಾಣಗಳ ಮೇಲ್ಮೈಗಳು ಬಿದ್ದಿರಬಹುದು.

ಹಂತ 2: ಜಾಗದ ಅಳತೆ

ಇದರಲ್ಲಿ ಅವಸರ ಮಾಡಬೇಡಿ. ಬೇಕಾದ್ದು ಎರಡು: ಜಾಗದ ಪ್ರತಿ ಮೂಲೆಯ ಡಬ್ಲ್ಯೂಜಿಎಸ್-84 (ಜಿಪಿಎಸ್ ಬಳಸುವ ಜಾಗತಿಕ ನಿರ್ದೇಶಾಂಕ ವ್ಯವಸ್ಥೆ) ಅಕ್ಷಾಂಶ ರೇಖಾಂಶ, ಮತ್ತು ಸರಾಸರಿ ಸಮುದ್ರ ಮಟ್ಟದಿಂದ ನೆಲದ ಎತ್ತರ.

ಅಕ್ಷಾಂಶವನ್ನು ಪೂರ್ಣ ಸೆಕೆಂಡಿಗೆ ಬರೆದರೆ ಸಾಲದು. ಒಂದು ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 31 ಮೀ. ಅಪ್ರೋಚ್ ಮೇಲ್ಮೈಯ 2% ಇಳಿಜಾರಿನಲ್ಲಿ ಈ ತಪ್ಪಿನ ಪರಿಣಾಮ 0.6 ಮೀ. ಮಾತ್ರ. ಆದರೆ ಟ್ರಾನ್ಸಿಷನಲ್ ಮೇಲ್ಮೈಯ 14.3%ರಲ್ಲಿ ಅದೇ ತಪ್ಪು 4.4 ಮೀ. ಆಗುತ್ತದೆ, ಒಂದು ಮಹಡಿಗಿಂತ ಹೆಚ್ಚು. ಸೆಕೆಂಡಿನ ನಂತರ ಕನಿಷ್ಠ ಎರಡು ದಶಾಂಶ ಸ್ಥಾನ ಬರೆಯಿರಿ, ಆಗ ತಪ್ಪು ಒಂದು ಮೀಟರ್‌ನೊಳಗೆ ಇಳಿಯುತ್ತದೆ. ಹಳೆಯ ಕಂದಾಯ ನಕ್ಷೆಗಳು, ಸ್ಥಳೀಯ ಡೇಟಮ್‌ನ (ಅಳತೆಯ ಆಧಾರ ವ್ಯವಸ್ಥೆ) ಭೂಪಟಗಳಿಂದ ತೆಗೆದ ನಿರ್ದೇಶಾಂಕಗಳನ್ನು ನೇರವಾಗಿ ಬಳಸಬೇಡಿ. ಡಬ್ಲ್ಯೂಜಿಎಸ್-84ಕ್ಕೂ ಅವಕ್ಕೂ ನೂರಾರು ಮೀಟರ್ ಅಂತರ ಇರಬಹುದು.

ಎತ್ತರದಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಸ್ಥಾನನಿರ್ಣಯ) ಉಪಕರಣ ಮೂಲತಃ ಅಳೆಯುವುದು ಎಲಿಪ್ಸಾಯ್ಡ್ ಎಂಬ ಗಣಿತದ ಮೇಲ್ಮೈಯಿಂದ. ವಿಮಾನಯಾನಕ್ಕೆ ಬೇಕಾದ್ದು ಸಮುದ್ರ ಮಟ್ಟದಿಂದ, ಅಂದರೆ ಜಿಯಾಯ್ಡ್‌ನಿಂದ. ಇವೆರಡರ ನಡುವಿನ ಅಂತರ ಭೂಮಿಯ ಮೇಲೆ ಎಲ್ಲೆಡೆ ಒಂದೇ ಅಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು −106 ಮೀಟರ್ ಆಸುಪಾಸು, ನ್ಯೂ ಗಿನಿಯ ಬಳಿ +85 ಮೀಟರ್ ಆಸುಪಾಸು. ಸೂತ್ರ ಸರಳ:

ಸಮುದ್ರ ಮಟ್ಟದಿಂದ ಎತ್ತರ = ಎಲಿಪ್ಸಾಯ್ಡ್ ಎತ್ತರ − ಜಿಯಾಯ್ಡ್ ಅಂತರ

ಜಿಯಾಯ್ಡ್ ಅಂತರ −85 ಮೀ. ಇರುವ ಜಾಗದಲ್ಲಿ ಉಪಕರಣ 46 ಮೀ. ತೋರಿಸಿದರೆ ನಿಜವಾದ ಎತ್ತರ 46 − (−85) = 131 ಮೀ. ಇದನ್ನು ತಿದ್ದದೆ 46ನ್ನೇ ಬಳಸಿದರೆ ಕಟ್ಟಡ 85 ಮೀ. ಕೆಳಗಿದೆ ಎಂದು ವರದಿ ಹೇಳುತ್ತದೆ. ಎಲ್ಲ ಮೇಲ್ಮೈಗಳಿಗೂ ಸಲೀಸಾಗಿ ಸರಿಹೋಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಸರ್ವೇ ವರದಿಯಲ್ಲಿ ಯಾವ ಜಿಯಾಯ್ಡ್ ಮಾದರಿ ಬಳಸಲಾಗಿದೆ, ಎಲಿಪ್ಸಾಯ್ಡ್ ಎತ್ತರ ಎಷ್ಟು, ಸಮುದ್ರ ಮಟ್ಟದ ಎತ್ತರ ಎಷ್ಟು ಎಂಬ ಮೂರೂ ಬೇರೆ ಬೇರೆ ಕಾಲಂನಲ್ಲಿ ಇರಲೇಬೇಕು. ಸಾಧ್ಯವಿದ್ದಲ್ಲಿ ಹತ್ತಿರದ ಸರ್ಕಾರಿ ಬೆಂಚ್‌ಮಾರ್ಕ್‌ನಿಂದ ಲೆವೆಲಿಂಗ್ ಮಾಡಿ ತಾಳೆ ನೋಡಿ.

ಮೊಬೈಲ್ ಆ್ಯಪ್ ತೋರಿಸುವ ಎತ್ತರ ಈ ಕೆಲಸಕ್ಕೆ ಬರುವುದಿಲ್ಲ. ಬಾಹ್ಯಾಕಾಶದಿಂದ ಅಳೆದು ಮಾಡಿದ ಎತ್ತರದ ಮಾದರಿಗಳೂ ಅಷ್ಟೇ. ಬಹಳ ಬಳಕೆಯಲ್ಲಿರುವ ಎಸ್‌ಆರ್‌ಟಿಎಂ ಮಾದರಿಯ ಲಂಬ ನಿಖರತೆಯ ಗುರಿಯೇ 16 ಮೀ., ಮೇಲಾಗಿ ಅದು ಮರದ ತಲೆ, ಕಟ್ಟಡದ ಮಾಳಿಗೆಯನ್ನೂ ನೆಲ ಎಂದೇ ಎಣಿಸುತ್ತದೆ. ಜಾಗ ಕೊಳ್ಳುವ ಮುಂಚಿನ ಅಂದಾಜಿಗೆ ಅದು ಸಾಕು, ಅರ್ಜಿಗೆ ಸಾಲದು.

ನೆಲದ ಎತ್ತರ ಎಂದರೆ ಯಾವ ನೆಲ? ಇಳಿಜಾರಿನ ಜಾಗದಲ್ಲಿ ಈ ಪ್ರಶ್ನೆ ಮುಖ್ಯ. ತಗ್ಗು ತುಂಬಿಸಿ ಎತ್ತರಿಸಿದ ಮೇಲೆ ಕಟ್ಟುವುದಾದರೆ ತುಂಬಿದ ಮಣ್ಣಿನ ದಪ್ಪವೂ ತುದಿಯ ಎತ್ತರಕ್ಕೆ ಸೇರುತ್ತದೆ. ನಕ್ಷೆಯ ಸೊನ್ನೆ ಮಟ್ಟ ಸಮುದ್ರ ಮಟ್ಟದಿಂದ ಎಷ್ಟು ಎಂದು ವಾಸ್ತುಶಿಲ್ಪಿಯ ಡ್ರಾಯಿಂಗ್‌ನಲ್ಲೇ ಬರೆಸಿಕೊಳ್ಳಿ.

ಹಂತ 3: ನಿಜವಾದ ತುದಿ ಯಾವುದು

ತಾರಸಿಯ ಮೇಲೆ ಪ್ಯಾರಪೆಟ್, ಲಿಫ್ಟ್ ಮಷಿನ್ ರೂಮ್, ಮೆಟ್ಟಿಲ ಮನೆ, ನೀರಿನ ಟ್ಯಾಂಕ್, ಸೌರ ಫಲಕ, ಕೂಲಿಂಗ್ ಟವರ್, ಡಿಶ್, ಜಾಹೀರಾತು ಫಲಕ, ಲೈಟ್ನಿಂಗ್ ಅರೆಸ್ಟರ್, ಮತ್ತು ಅಡಚಣೆ ದೀಪ ಬರುತ್ತವೆ. ಅತಿ ಎತ್ತರದ ವಸ್ತುವಿನ ತುದಿಯೇ ಕಟ್ಟಡದ ತುದಿ. ಅಡಚಣೆ ದೀಪದ ಕಂಬವೇ ಮಿತಿ ದಾಟಿಸಿದರೂ ಅದು ಅತಿಕ್ರಮಣವೇ. ಗಾಳಿಯಂತ್ರಕ್ಕೆ ಹಬ್‌ನ ಎತ್ತರಕ್ಕೆ ರೋಟರ್‌ನ ತ್ರಿಜ್ಯ ಸೇರಿಸಿ. ಹೈಟೆನ್ಷನ್ ಮಾರ್ಗಕ್ಕೆ ಟವರಿನ ತುದಿಯಲ್ಲಿನ ಭೂತಂತಿಯನ್ನು ಹಿಡಿಯಿರಿ. ಹೊಸ ರಸ್ತೆ, ಮೇಲ್ಸೇತುವೆ, ರೈಲು ಮಾರ್ಗಗಳಿಗೆ ಅವುಗಳ ಮೇಲೆ ಓಡುವ ವಾಹನದ ಎತ್ತರವನ್ನೂ ಸೇರಿಸಬೇಕು. ಅಮೆರಿಕದ ನಿಯಮದಲ್ಲಿ ಅಂತರರಾಜ್ಯ ಹೆದ್ದಾರಿಗೆ 17 ಅಡಿ, ಇತರ ಸಾರ್ವಜನಿಕ ರಸ್ತೆಗೆ 15 ಅಡಿ, ರೈಲಿಗೆ 23 ಅಡಿ ಎಂದಿದೆ.

ಕ್ರೇನ್ ಅನ್ನು ಪ್ರತ್ಯೇಕ ರಚನೆಯಾಗಿ ಲೆಕ್ಕ ಹಾಕಿ. ಕಟ್ಟಡಕ್ಕೆ ಅನುಮತಿ ಸಿಕ್ಕರೆ ಕ್ರೇನ್‌ಗೂ ಸಿಕ್ಕಂತೆ ಎಂದು ಭಾವಿಸುವುದು ಈ ಕ್ಷೇತ್ರದಲ್ಲಿ ಪದೇಪದೇ ಕಾಣುವ ತಪ್ಪು. ಟವರ್ ಕ್ರೇನ್ ಕಟ್ಟಡಕ್ಕಿಂತ ಎತ್ತರ ನಿಲ್ಲುತ್ತದೆ, ಅದರ ತೋಳು ಸುತ್ತುತ್ತದೆ. ಆದ್ದರಿಂದ ಕ್ರೇನ್‌ನ ಬುಡವನ್ನಷ್ಟೇ ನೋಡದೆ ತೋಳು ಸುತ್ತುವ ಪೂರ್ತಿ ವೃತ್ತದಲ್ಲಿ ರನ್‌ವೇಗೆ ಅತಿ ಹತ್ತಿರದ ಬಿಂದುವನ್ನೂ ಪರಿಶೀಲಿಸಬೇಕು. ತೋಳು ಮೇಲೆತ್ತುವ ಲಫಿಂಗ್ ಕ್ರೇನ್ ಆದರೆ ತೋಳು ಅತ್ಯಂತ ಕಡಿದಾಗಿ ನಿಂತಾಗಿನ ಎತ್ತರವೇ ಗರಿಷ್ಠ.

ಹಂತ 4: ನಿರ್ದೇಶಾಂಕಗಳನ್ನು ರನ್‌ವೇಯ ಅಳತೆಗೆ ತನ್ನಿ

ಎಲ್ಲ ಬಿಂದುಗಳನ್ನೂ ಒಂದೇ ಪ್ರಕ್ಷೇಪಕ್ಕೆ, ಸಾಮಾನ್ಯವಾಗಿ ಯುಟಿಎಂಗೆ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಜಾಲ), ಪರಿವರ್ತಿಸಿ. ಮೊದಲ ಥ್ರೆಶೋಲ್ಡ್‌ನ ಪೂರ್ವ ಮತ್ತು ಉತ್ತರ ನಿರ್ದೇಶಾಂಕಗಳು ಪೂ1, ಉ1. ಎರಡನೆಯದರದು ಪೂ2, ಉ2. ಪರಿಶೀಲಿಸುವ ಬಿಂದು ಪೂ, ಉ. ಎರಡು ಥ್ರೆಶೋಲ್ಡ್‌ಗಳ ನಡುವಿನ ದೂರ ಲ. ಆಗ

ಉದ್ದದ ದೂರ = [(ಪೂ − ಪೂ1) × (ಪೂ2 − ಪೂ1) + (ಉ − ಉ1) × (ಉ2 − ಉ1)] ÷ ಲ

ಅಡ್ಡ ದೂರ = [(ಪೂ − ಪೂ1) × (ಉ2 − ಉ1) − (ಉ − ಉ1) × (ಪೂ2 − ಪೂ1)] ÷ ಲ

ಉದ್ದದ ದೂರ ಋಣವಾಗಿ ಬಂದರೆ ಬಿಂದು ಮೊದಲ ಥ್ರೆಶೋಲ್ಡ್‌ನ ಹಿಂದೆ ಇದೆ, ಲ-ಗಿಂತ ಹೆಚ್ಚಿದ್ದರೆ ಎರಡನೆಯದರ ಆಚೆ ಇದೆ, ನಡುವೆ ಇದ್ದರೆ ರನ್‌ವೇಯ ಪಕ್ಕದಲ್ಲಿದೆ. ಅಡ್ಡ ದೂರ ಧನವಾದರೆ ಬಲಕ್ಕೆ, ಋಣವಾದರೆ ಎಡಕ್ಕೆ. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಸಾಲು ಸೂತ್ರ ಬರೆದರೆ ಮುಗಿಯಿತು.

ರನ್‌ವೇಯ ದಿಕ್ಕನ್ನು ಥ್ರೆಶೋಲ್ಡ್‌ಗಳ ನಿರ್ದೇಶಾಂಕಗಳಿಂದಲೇ ಪಡೆಯಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಎಐಪಿಯಲ್ಲಿ ಮುದ್ರಿತವಾದ ಬೇರಿಂಗ್ ನಿಜ ಉತ್ತರದಿಂದ ಅಳೆದದ್ದು. ಯುಟಿಎಂ ಜಾಲದ ಉತ್ತರ ಬೇರೆ. 13 ಡಿಗ್ರಿ ಅಕ್ಷಾಂಶದಲ್ಲಿ, ವಲಯದ ಮಧ್ಯ ರೇಖಾಂಶದಿಂದ 3 ಡಿಗ್ರಿ ದೂರದಲ್ಲಿ, ಇವೆರಡರ ನಡುವೆ ಸುಮಾರು 0.67 ಡಿಗ್ರಿ ವ್ಯತ್ಯಾಸ ಇರುತ್ತದೆ. 12 ಕಿ.ಮೀ. ದೂರದಲ್ಲಿ ಇದು 140 ಮೀ. ಅಡ್ಡ ಸರಿತ. ಇನ್ನು ರನ್‌ವೇಗೆ ಬಣ್ಣದಲ್ಲಿ ಬರೆದಿರುವ ಸಂಖ್ಯೆ ಕಾಂತೀಯ ದಿಕ್ಕನ್ನು ಹತ್ತರ ಅಂಕಿಗೆ ಸರಿಹೊಂದಿಸಿದ್ದು, ಲೆಕ್ಕಕ್ಕೆ ಬರುವುದೇ ಇಲ್ಲ. ಯುಟಿಎಂನಲ್ಲಿ ಅಳತೆ ಜಾಗಕ್ಕೆ ತಕ್ಕಂತೆ ತುಸು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂಬುದೂ ನೆನಪಿರಲಿ. ಮಧ್ಯ ರೇಖಾಂಶದಲ್ಲಿ ಗುಣಾಂಕ 0.9996, ಅಂದರೆ 15 ಕಿ.ಮೀ.ಗೆ 6 ಮೀ. ಕಡಿಮೆ.

ಮೂರು ಆಯಾಮದ ಸಾಫ್ಟ್‌ವೇರ್ ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. ಮೇಲ್ಮೈಗಳ ಎತ್ತರಗಳೆಲ್ಲ ಸಮುದ್ರ ಮಟ್ಟದಿಂದ ಅಳೆದವು, ಹಾಗಾಗಿ ಭೂಮಿಯ ಬಾಗನ್ನು ಪ್ರತ್ಯೇಕವಾಗಿ ಕಳೆಯಬೇಕಿಲ್ಲ. ಆದರೆ ಥ್ರೆಶೋಲ್ಡ್‌ನಲ್ಲಿ ಭೂಮಿಗೆ ಸ್ಪರ್ಶವಾಗಿ ಎಳೆದ ಚಪ್ಪಟೆ ಸಮತಲದ ಮೇಲೆ ಮಾದರಿ ಕಟ್ಟಿದರೆ 15 ಕಿ.ಮೀ. ದೂರದಲ್ಲಿ ಸುಮಾರು 17.7 ಮೀ. ತಪ್ಪು ನುಸುಳುತ್ತದೆ.

ಹಂತ 5: ಪ್ರತಿ ಮೇಲ್ಮೈಯ ಎತ್ತರ ಲೆಕ್ಕ ಹಾಕಿ, ಅತಿ ಕೆಳಗಿನದನ್ನು ಹಿಡಿಯಿರಿ

ಒಂದು ಕಲ್ಪಿತ ಉದಾಹರಣೆ. ಕೋಡ್ 4, ನಿಖರ ವರ್ಗ 1ರ ರನ್‌ವೇ. ಥ್ರೆಶೋಲ್ಡ್ ಮತ್ತು ರನ್‌ವೇ ತುದಿ ಒಂದೇ ಕಡೆ, ಎತ್ತರ 120 ಮೀ. ಕ್ಲಿಯರ್‌ವೇ ಇಲ್ಲ. ಇನ್ನರ್ ಹಾರಿಜಾಂಟಲ್‌ನ ಆಧಾರ ಮಟ್ಟ 118 ಮೀ. ಪ್ರಸ್ತಾವಿತ ಕಟ್ಟಡದ ಮೂಲೆ ಥ್ರೆಶೋಲ್ಡ್‌ನಿಂದ 4,260 ಮೀ. ಹೊರಗೆ, ಮಧ್ಯರೇಖೆಯಿಂದ 310 ಮೀ. ಬಲಕ್ಕೆ. ನೆಲದ ಎತ್ತರ 131 ಮೀ.

ಅಪ್ರೋಚ್: ಒಳ ಅಂಚಿನಿಂದ ದೂರ 4,260 − 60 = 4,200 ಮೀ. ಅಲ್ಲಿ ಅರ್ಧ ಅಗಲ 140 + 0.15 × 4,200 = 770 ಮೀ. ಬಿಂದು 310ರಲ್ಲಿದೆ, ಆದ್ದರಿಂದ ಮೇಲ್ಮೈಯ ಅಡಿಯಲ್ಲೇ ಇದೆ. ಎತ್ತರ 3,000 × 0.02 + 1,200 × 0.025 = 90 ಮೀ. ಥ್ರೆಶೋಲ್ಡ್‌ನ 120 ಸೇರಿಸಿದರೆ 210 ಮೀ.

ಟೇಕಾಫ್: ಅರ್ಧ ಅಗಲ 90 + 0.125 × 4,200 = 615, ಆದರೆ ಗರಿಷ್ಠ 600. ಬಿಂದು ಇದರೊಳಗೂ ಇದೆ. ಎತ್ತರ 120 + 4,200 × 0.02 = 204 ಮೀ.

ಇನ್ನರ್ ಹಾರಿಜಾಂಟಲ್ ಮತ್ತು ಕೋನಿಕಲ್: ಸ್ಟ್ರಿಪ್‌ನ ತುದಿಯಿಂದ ದೂರ √(4,200² + 310²) = 4,211.4 ಮೀ. ಇದು 4,000 ದಾಟಿದೆ, ಹಾಗಾಗಿ ಕೋನಿಕಲ್‌ನಲ್ಲಿದೆ. ಎತ್ತರ 118 + 45 + 211.4 × 0.05 = 173.57 ಮೀ.

ಅತಿ ಕೆಳಗಿನದು 173.57. ನೆಲದಿಂದ ಏರಬಹುದಾದ್ದು 42.57 ಮೀ. ಈಗ ಕಟ್ಟಡ ನೋಡಿ. ತಾರಸಿ 39.5 ಮೀ.ಗೆ, ಅಂದರೆ 170.5ಕ್ಕೆ ನಿಲ್ಲುತ್ತದೆ, ಮೂರು ಮೀಟರ್ ಉಳಿಯುತ್ತದೆ. ಅದರ ಮೇಲೆ ಲಿಫ್ಟ್ ರೂಮ್ ಮತ್ತು ಟ್ಯಾಂಕ್ 4.2 ಮೀ. ಸೇರಿದರೆ 174.7. ಅರೆಸ್ಟರ್ 2 ಮೀ. ಸೇರಿದರೆ 176.7. ಕೋನಿಕಲ್ ಮೇಲ್ಮೈಯನ್ನು 3.13 ಮೀ. ದಾಟಿತು. ಕ್ರೇನ್‌ನ ತುದಿ ನೆಲದಿಂದ 60 ಮೀ. ಎಂದಿದ್ದರೆ 191 ಮೀ., ಅಂದರೆ 17.43 ಮೀ. ಅತಿಕ್ರಮಣ. ಅದರ ತೋಳು ರನ್‌ವೇ ಕಡೆಗೆ 50 ಮೀ. ಚಾಚಿದರೆ ಅಲ್ಲಿ ಕೋನಿಕಲ್ ಮೇಲ್ಮೈ ಇನ್ನೂ 2.5 ಮೀ. ಕೆಳಗಿರುತ್ತದೆ.

ಅಪ್ರೋಚ್ ಒಂದನ್ನೇ ನೋಡಿದವರು ಇಲ್ಲಿ 33 ಮೀ. ಅಂತರವಿದೆ ಎಂದು ನೆಮ್ಮದಿಯಾಗಿರುತ್ತಿದ್ದರು. ರನ್‌ವೇಯ ನೇರಕ್ಕೆ ಇದ್ದರಷ್ಟೇ ತೊಂದರೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ನಾಲ್ಕೈದು ಕಿಲೋಮೀಟರ್ ಸುತ್ತಳತೆಯಲ್ಲಿ ಬಹುತೇಕ ಕಟ್ಟಡಗಳನ್ನು ತಡೆಯುವುದು ಅಪ್ರೋಚ್ ಅಲ್ಲ, ಇನ್ನರ್ ಹಾರಿಜಾಂಟಲ್ ಮತ್ತು ಕೋನಿಕಲ್.

ಬಿಂದು ರನ್‌ವೇಯ ಪಕ್ಕದಲ್ಲಿದ್ದರೆ ಟ್ರಾನ್ಸಿಷನಲ್ ಲೆಕ್ಕ. ಮಧ್ಯರೇಖೆಯಿಂದ 400 ಮೀ. ದೂರವಾದರೆ ಸ್ಟ್ರಿಪ್‌ನ ಅರ್ಧ ಅಗಲ 140 ಕಳೆದು ಉಳಿದ 260 × 0.143 = 37.2 ಮೀ. ಇದನ್ನು ಕೂಡಿಸಬೇಕಾದ್ದು ನಿಲ್ದಾಣದ ಎತ್ತರಕ್ಕಲ್ಲ, ಆ ಬಿಂದುವಿಗೆ ನೇರ ಅಡ್ಡಲಾಗಿರುವ ರನ್‌ವೇ ಮಧ್ಯರೇಖೆಯ ಎತ್ತರಕ್ಕೆ. ರನ್‌ವೇಗೆ ಇಳಿಜಾರು ಇದ್ದೇ ಇರುತ್ತದೆ. ಎರಡು ತುದಿಗಳ ನಡುವೆ ಹತ್ತಾರು ಮೀಟರ್ ವ್ಯತ್ಯಾಸ ಇರುವ ರನ್‌ವೇಗಳೂ ಇವೆ.

ಇನ್ನರ್ ಹಾರಿಜಾಂಟಲ್‌ನ ಆಕಾರದಲ್ಲೂ ಎಡವುತ್ತಾರೆ. ರೆಫರೆನ್ಸ್ ಪಾಯಿಂಟ್‌ನಿಂದ ಒಂದೇ ವೃತ್ತ ಎಳೆದರೆ ಉದ್ದ ರನ್‌ವೇಯ ತುದಿಗಳ ಬಳಿ ಮೇಲ್ಮೈ ಕಡಿಮೆ ಬೀಳುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಸ್ಟ್ರಿಪ್‌ನ ಎರಡೂ ತುದಿಗಳಿಂದ ವೃತ್ತ ಎಳೆದು ಸ್ಪರ್ಶರೇಖೆಗಳಿಂದ ಜೋಡಿಸುತ್ತಾರೆ. ಬಿಂದು ಎರಡು ತುದಿಗಳ ನಡುವೆ ಇದ್ದರೆ ಅಡ್ಡ ದೂರವನ್ನೂ, ಹೊರಗಿದ್ದರೆ ಹತ್ತಿರದ ಸ್ಟ್ರಿಪ್ ತುದಿಯಿಂದ ನೇರ ದೂರವನ್ನೂ ಹಿಡಿಯಬೇಕು. ಆಧಾರ ಮಟ್ಟ ಯಾವುದೆಂದು ನಿಯಮದಲ್ಲೋ ಪ್ರಾಧಿಕಾರದ ನಕ್ಷೆಯಲ್ಲೋ ನೋಡಿ, ಊಹಿಸಬೇಡಿ.

ಕಟ್ಟಡದ ಎಲ್ಲ ಮೂಲೆಗಳಿಗೂ, ಎಲ್ಲ ರನ್‌ವೇಗಳಿಗೂ, ಪ್ರತಿ ರನ್‌ವೇಯ ಎರಡೂ ದಿಕ್ಕುಗಳಿಗೂ ಇದೇ ಲೆಕ್ಕ ಮರುಮಾಡಿ. ಕೊನೆಗೆ ಸರ್ವೇಯ ಅನಿಶ್ಚಿತತೆಯನ್ನು ಅನುಮತಿಯ ಎತ್ತರದಿಂದ ಕಳೆಯಿರಿ. ಎತ್ತರದ ಅಳತೆಯಲ್ಲಿ ಅರ್ಧ ಮೀಟರ್ ತಪ್ಪಿರಬಹುದಾದರೆ 42.57ನ್ನು 42 ಎಂದೇ ವಿನ್ಯಾಸಕರಿಗೆ ಹೇಳಿ. ಸೆಂಟಿಮೀಟರ್‌ವರೆಗೆ ಬಳಸಿಕೊಂಡ ಕಟ್ಟಡ ಮುಗಿದ ಮೇಲೆ ಅಳೆದಾಗ ದಾಟಿರುತ್ತದೆ.

ಹಂತ 6: ದಾಟಿದರೆ ಮುಂದೇನು

ಎಲ್ಲ ಅತಿಕ್ರಮಣವೂ ಒಂದೇ ತೂಕದ್ದಲ್ಲ. ನಿಖರ ರನ್‌ವೇಯ ಅಪ್ರೋಚ್ ಮತ್ತು ಟ್ರಾನ್ಸಿಷನಲ್ ಮೇಲ್ಮೈಗಳನ್ನು, ಟೇಕಾಫ್ ಮೇಲ್ಮೈಯನ್ನು ಹೊಸ ರಚನೆ ದಾಟುವಂತಿಲ್ಲ. ಇರುವ ಒಂದೇ ವಿನಾಯಿತಿ ಶೀಲ್ಡಿಂಗ್, ಅಂದರೆ ತೆಗೆಯಲಾಗದ ಹಳೆಯ ಅಡಚಣೆಯ ಮರೆಯಲ್ಲಿ ಹೊಸದು ನಿಲ್ಲುವುದು. ಐಸಿಎಒ ಕೈಪಿಡಿಯ ಪ್ರಕಾರ ಹಳೆಯ ಅಡಚಣೆಯ ತುದಿಯಿಂದ ರನ್‌ವೇಯ ವಿರುದ್ಧ ದಿಕ್ಕಿಗೆ ಸಮತಟ್ಟಾಗಿ, ರನ್‌ವೇ ಕಡೆಗೆ 10% ಇಳಿಜಾರಾಗಿ ಈ ಮರೆಯನ್ನು ಅಳೆಯುತ್ತಾರೆ. ಪ್ರತಿ ದೇಶವೂ ಇದಕ್ಕೆ ತನ್ನದೇ ಮಿತಿ ಹಾಕಿದೆ. ಪಕ್ಕದ ಕಟ್ಟಡ ಎತ್ತರವಿದೆ ಎಂಬುದಷ್ಟೇ ಶೀಲ್ಡಿಂಗ್ ಆಗುವುದಿಲ್ಲ. ಆ ಕಟ್ಟಡ ಅನುಮತಿ ಪಡೆದದ್ದೇ, ಶಾಶ್ವತವೇ ಎಂಬುದನ್ನೂ ನೋಡುತ್ತಾರೆ.

ಇನ್ನರ್ ಹಾರಿಜಾಂಟಲ್ ಮತ್ತು ಕೋನಿಕಲ್‌ಗೆ ಇನ್ನೊಂದು ದಾರಿಯಿದೆ, ಏರೋನಾಟಿಕಲ್ ಅಧ್ಯಯನ. ಸುರಕ್ಷತೆಗೆ ಧಕ್ಕೆಯಿಲ್ಲ, ಹಾರಾಟದ ಕ್ರಮಕ್ಕೆ ಹೆಚ್ಚಿನ ತೊಡಕಿಲ್ಲ ಎಂದು ಅದರಲ್ಲಿ ಸಾಬೀತಾದರೆ ಅನುಮತಿ ಸಿಗಬಹುದು. ಮೇಲಿನ ಉದಾಹರಣೆಯ ಕಟ್ಟಡ ಈ ಗುಂಪಿನದು. ಆದರೆ 3.13 ಮೀಟರ್‌ಗಾಗಿ ಅಧ್ಯಯನಕ್ಕೆ ಹೋಗುವುದಕ್ಕಿಂತ ಟ್ಯಾಂಕನ್ನು ನೆಲಮಾಳಿಗೆಗೆ ಇಳಿಸಿ, ಮಷಿನ್ ರೂಮ್ ಬೇಡದ ಲಿಫ್ಟ್ ಹಾಕಿ, ಅರೆಸ್ಟರ್‌ನ ವಿನ್ಯಾಸ ಬದಲಿಸುವುದು ಹೆಚ್ಚು ವಿವೇಕದ್ದು. ನಕ್ಷೆ ಅಂತಿಮವಾಗುವ ಮುಂಚೆ ಪರಿಶೀಲನೆ ಮಾಡಿದವರಿಗೆ ಮಾತ್ರ ಈ ಆಯ್ಕೆ ಉಳಿಯುತ್ತದೆ.

ಹಂತ 7: ಮೇಲ್ಮೈಗಳ ಆಚೆಗಿನ ಪರಿಶೀಲನೆ

ಅಡಚಣೆ ಮಿತಿ ಮೇಲ್ಮೈಯೊಳಗೆ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಉಪಕರಣ ಹಾರಾಟದ ಮಾರ್ಗಗಳನ್ನು ವಿನ್ಯಾಸ ಮಾಡುವುದು ಐಸಿಎಒ 8168ನೇ ದಾಖಲೆಯ ನಿಯಮಗಳಂತೆ. ಅವುಗಳ ರಕ್ಷಿತ ಪ್ರದೇಶ ಬೇರೆ ಆಕಾರದ್ದು. ಉದಾಹರಣೆಗೆ ನೇರ ನಿರ್ಗಮನ ಮಾರ್ಗ ರನ್‌ವೇ ತುದಿಯಲ್ಲಿ 300 ಮೀ. ಅಗಲವಾಗಿ ಶುರುವಾಗಿ ಪ್ರತಿ ಬದಿಗೆ 15 ಡಿಗ್ರಿ ಹರಡುತ್ತದೆ. ಅದರ ಅಡಚಣೆ ಗುರುತಿಸುವ ಮೇಲ್ಮೈ 5 ಮೀ. ಎತ್ತರದಿಂದ 2.5% ಏರುತ್ತದೆ. 1,200 ಮೀ. ಅಗಲದ ಟೇಕಾಫ್ ಮೇಲ್ಮೈಯ ಹೊರಗೆ ನಿಂತ ಎತ್ತರದ ಟವರ್ ಈ ಹರಡಿನೊಳಗೆ ಬಿದ್ದು, ವಿಮಾನಗಳು ಸಾಮಾನ್ಯ ಏರಿಕೆಯಾದ 3.3%ಕ್ಕಿಂತ ಕಡಿದಾಗಿ ಏರಲೇಬೇಕಾದ ಸ್ಥಿತಿ ತರಬಹುದು. ಮಿಸ್ಡ್ ಅಪ್ರೋಚ್ (ಇಳಿಯಲಾಗದೆ ಮತ್ತೆ ಮೇಲೇರುವ ಮಾರ್ಗ), ಸರ್ಕ್ಲಿಂಗ್ ಪ್ರದೇಶ (ಇಳಿಯುವ ಮುನ್ನ ವಿಮಾನ ಸುತ್ತುವ ಜಾಗ), ನಿಲ್ದಾಣದ ಸುತ್ತ 46 ಕಿ.ಮೀ.ವರೆಗಿನ ಕನಿಷ್ಠ ವಲಯ ಎತ್ತರ ಇವೂ ಬದಲಾಗಬಹುದು. ಈ ಭಾಗವನ್ನು ತರಬೇತಿ ಪಡೆದ ಪ್ರೊಸೀಜರ್ ಡಿಸೈನರ್‌ಗೇ ಬಿಡಿ.

ವಿಮಾನ ಸಂಸ್ಥೆಗಳಿಗೆ ಸಂಬಂಧಿಸಿದ ಸೂಕ್ಷ್ಮವೂ ಒಂದಿದೆ. ಎ ಮಾದರಿಯ ಅಡಚಣೆ ನಕ್ಷೆಯಲ್ಲಿ ಟೇಕಾಫ್ ಮಾರ್ಗದ 1.2% ಸಮತಲವನ್ನು ದಾಟಿದ ವಸ್ತುಗಳನ್ನೆಲ್ಲ ತೋರಿಸುತ್ತಾರೆ. ಒಂದು ಎಂಜಿನ್ ನಿಂತರೂ ತಡೆ ದಾಟುವಂತೆ ಭಾರ ಲೆಕ್ಕ ಹಾಕಲು ಅದು ಬೇಕು. 1.2% ಮತ್ತು 2%ರ ನಡುವೆ ನಿಂತ ಕಟ್ಟಡ ನಿಯಮ ಮುರಿಯದಿದ್ದರೂ ಪ್ರತಿ ಹಾರಾಟದಲ್ಲೂ ಒಂದಿಷ್ಟು ಪ್ರಯಾಣಿಕರನ್ನೋ ಸರಕನ್ನೋ ಇಳಿಸಬಹುದು. ನಮ್ಮ ಉದಾಹರಣೆಯ ಕಟ್ಟಡ ಆ ಸಮತಲವನ್ನೂ (ಅಲ್ಲಿ ಸುಮಾರು 170 ಮೀ.) ದಾಟುತ್ತದೆ. ನಿಲ್ದಾಣದವರು ಆಕ್ಷೇಪ ಎತ್ತಿದರೆ ಅಚ್ಚರಿಪಡಬೇಡಿ.

ಐಎಲ್‌ಎಸ್ (ಇಳಿಯಲು ದಾರಿ ತೋರುವ ರೇಡಿಯೊ ವ್ಯವಸ್ಥೆ), ವಿಓಆರ್ (ದಿಕ್ಕು ತಿಳಿಸುವ ರೇಡಿಯೊ ಕೇಂದ್ರ), ರೇಡಾರ್‌ಗಳ ಸಂಕೇತವನ್ನು ದೊಡ್ಡ ಲೋಹದ ಗೋಡೆ, ಗಾಜಿನ ಮುಖ, ತಿರುಗುವ ರೆಕ್ಕೆ ಪ್ರತಿಫಲಿಸಿ ಕೆಡಿಸುತ್ತವೆ. ಐಸಿಎಒದ ಯುರೋಪ್ ವಿಭಾಗದ ಮಾರ್ಗಸೂಚಿಯಲ್ಲಿ ಗಾಳಿಯಂತ್ರಗಳನ್ನು ವಿಓಆರ್‌ನಿಂದ 15 ಕಿ.ಮೀ.ವರೆಗೂ ಪರಿಶೀಲಿಸುತ್ತಾರೆ. ಇಲ್ಲಿ ಎತ್ತರದಷ್ಟೇ ಮುಖದ ದಿಕ್ಕೂ, ಹೊದಿಕೆಯ ವಸ್ತುವೂ ಮುಖ್ಯ. ನಿಯಂತ್ರಣ ಗೋಪುರದಿಂದ ರನ್‌ವೇಯ ನೋಟಕ್ಕೆ ಅಡ್ಡವಾಗುತ್ತದೆಯೇ, ಸೌರ ಫಲಕದ ಹೊಳಪು ಪೈಲಟ್‌ನ ಕಣ್ಣಿಗೆ ರಾಚುತ್ತದೆಯೇ ಎಂಬುದೂ ಪಟ್ಟಿಯಲ್ಲಿರಲಿ. ಎಲ್ಲ ಮೇಲ್ಮೈಗಳ ಹೊರಗೆ ದೂರದಲ್ಲಿದ್ದರೂ ನೆಲದಿಂದ 150 ಮೀ. ಅಥವಾ ಅದಕ್ಕಿಂತ ಎತ್ತರದ ವಸ್ತುವನ್ನು ಅಡಚಣೆ ಎಂದೇ ಪರಿಗಣಿಸಬೇಕೆಂದು 14ನೇ ಅನುಬಂಧ ಹೇಳುತ್ತದೆ.

ಹಂತ 8: ಅರ್ಜಿ, ಕಟ್ಟುವ ಕಾಲ, ಕಟ್ಟಿದ ಮೇಲೆ

ಅರ್ಜಿಯಲ್ಲಿ ಪ್ರತಿ ಮೂಲೆಯ ನಿರ್ದೇಶಾಂಕ, ನೆಲದ ಎತ್ತರ, ಎಲ್ಲ ಉಪಾಂಗಗಳೂ ಸೇರಿದ ತುದಿಯ ಎತ್ತರ, ಕಟ್ಟಡದ ಸೆಕ್ಷನ್ ಡ್ರಾಯಿಂಗ್ ಮತ್ತು ಸರ್ವೇ ಪ್ರಮಾಣಪತ್ರ ಇರಲಿ. ಎತ್ತರ ಬರೆಯುವಾಗಲೆಲ್ಲ ನೆಲದಿಂದಲೋ ಸಮುದ್ರ ಮಟ್ಟದಿಂದಲೋ ಎಂದು ಪಕ್ಕದಲ್ಲೇ ಬರೆಯಿರಿ. ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಗರಿಷ್ಠ ಎತ್ತರ ಕೊಟ್ಟಿರುತ್ತಾರೆ. ಅದನ್ನು ನೆಲದಿಂದ ಎಂದು ಓದಿಕೊಂಡ ಗುತ್ತಿಗೆದಾರ ಮೇಲಿನ ಉದಾಹರಣೆಯಲ್ಲಿ 131 ಮೀ. ಹೆಚ್ಚಿಗೆ ಕಟ್ಟುತ್ತಾನೆ. ಪತ್ರದ ಅವಧಿಯನ್ನೂ ಗಮನಿಸಿ, ಕಟ್ಟಡ ಮುಗಿಯುವ ಮುನ್ನ ಅದು ತೀರಿದರೆ ನವೀಕರಣ ಬೇಕಾಗುತ್ತದೆ.

ಗುರುತು ಮತ್ತು ದೀಪದ ಷರತ್ತು ಇದ್ದರೆ, 45 ಮೀ.ಗಿಂತ ಕಡಿಮೆ ಎತ್ತರದ ಚಿಕ್ಕ ವಿಸ್ತಾರದ ರಚನೆಗೆ ಕಡಿಮೆ ತೀವ್ರತೆಯ ಕೆಂಪು ದೀಪ, ಅದಕ್ಕಿಂತ ಎತ್ತರದವಕ್ಕೆ ಮಧ್ಯಮ ತೀವ್ರತೆ, 150 ಮೀ. ದಾಟಿದವಕ್ಕೆ ಅಧ್ಯಯನದಲ್ಲಿ ಅಗತ್ಯ ಕಂಡುಬಂದರೆ ಹೆಚ್ಚಿನ ತೀವ್ರತೆಯ ದೀಪ. ಬ್ಯಾಟರಿ ಅಥವಾ ಜನರೇಟರ್ ಬೆಂಬಲ ಕೊಡಿ. ಕರೆಂಟ್ ಹೋದ ರಾತ್ರಿಯೂ ದೀಪ ಉರಿಯುತ್ತಿರಬೇಕು.

ಕ್ರೇನ್ ನಿಲ್ಲಿಸುವ ದಿನ, ಗರಿಷ್ಠ ಎತ್ತರ, ಕೆಲಸದ ವೇಳೆ, ಇಳಿಸುವ ದಿನ ಇವನ್ನು ನಿಲ್ದಾಣಕ್ಕೆ ಮುಂಚೆಯೇ ತಿಳಿಸಿ, ಅವರು ಪೈಲಟ್‌ಗಳಿಗೆ ನೋಟಾಮ್ (ಅಧಿಕೃತ ಎಚ್ಚರಿಕೆ ಸೂಚನೆ) ಹೊರಡಿಸಬೇಕಾಗಬಹುದು. ನಿಲ್ದಾಣದ ಕರ್ತವ್ಯ ಅಧಿಕಾರಿಯ ಫೋನ್ ಸಂಖ್ಯೆ ಕ್ರೇನ್ ಆಪರೇಟರ್ ಬಳಿಯೂ ಇರಲಿ. ತಕ್ಷಣ ತೋಳು ಇಳಿಸಿ ಎಂಬ ಸೂಚನೆ ಯಾವಾಗ ಬೇಕಾದರೂ ಬರಬಹುದು.

ಕೊನೆಯ ಸ್ಲ್ಯಾಬ್ ಹಾಕುವ ಮುಂಚೆ ಒಮ್ಮೆ, ಅರೆಸ್ಟರ್ ಮತ್ತು ದೀಪ ಕೂರಿಸಿದ ಮೇಲೆ ಇನ್ನೊಮ್ಮೆ ತುದಿಯ ಎತ್ತರ ಅಳೆಯಿಸಿ. ಎರಡನೇ ಅಳತೆಯನ್ನು ಪ್ರಾಧಿಕಾರಕ್ಕೆ ಸಲ್ಲಿಸಿ. ರನ್‌ವೇಗಳ ಸುತ್ತ 45 ಕಿ.ಮೀ.ವರೆಗಿನ ಅಡಚಣೆ ದತ್ತಾಂಶಕ್ಕೆ ಅಡ್ಡವಾಗಿ 5 ಮೀ., ಎತ್ತರದಲ್ಲಿ 3 ಮೀ. ನಿಖರತೆ ಬೇಕೆಂದು ಅಂತರರಾಷ್ಟ್ರೀಯ ಮಾನದಂಡವಿದೆ. ನೀವು ಕೊಟ್ಟ ಅಂಕಿಯೇ ಆ ಪಟ್ಟಿಗೆ, ಅಲ್ಲಿಂದ ವಿಮಾನಗಳ ಭೂ ಎಚ್ಚರಿಕೆ ವ್ಯವಸ್ಥೆಯ ದತ್ತಾಂಶಕ್ಕೆ ಹೋಗಿ ಸೇರಬಹುದು. ಮುಂದೆ ತಾರಸಿಯ ಮೇಲೆ ಮೊಬೈಲ್ ಆಂಟೆನಾಕ್ಕೆ ಬಾಡಿಗೆ ಒಪ್ಪಂದ ಬಂದರೆ ಸಹಿ ಹಾಕುವ ಮುನ್ನ ಈ ಅಳತೆಯ ವರದಿ ತೆಗೆದು, ಎಷ್ಟು ಮೀಟರ್ ಉಳಿದಿದೆ ನೋಡಿ. ಉಳಿದಿಲ್ಲವೆಂದರೆ ಆಂಟೆನಾಕ್ಕೂ ಹಂತ 1ರಿಂದಲೇ ಹೊಸ ಪರಿಶೀಲನೆ ಆಗಬೇಕು.